ಮನೆ ಮೊದ್ಲೋ, ಕಾಗದ ಮೊದ್ಲೋ?

ಮಲ್ಲೇಶ್ವರದ ಹಳೇ ಮನೆಗಳ ಹಿಂದ್ಗಡೆ ಒಂದು ಸಣ್ಣ ಗಲ್ಲಿ ಇರತ್ತೆ, ನೋಡಿದೀರಾ? ಅದಕ್ಕೆ ಕನ್ಸರ್ವೆನ್ಸಿ ಅಂತಾರೆ. ಕಸ, ಮಲ ಹೊರೋರು ಹಿಂದಿನಿಂದ್ಲೇ ಬಂದು ಹೋಗ್ಲಿ ಅಂತ ಬಿಟ್ಟಿದ್ದ ಜಾಗ. ಅವರು ಮುಂಬಾಗಿಲಿಗೆ ಬರಬಾರದು ಅನ್ನೋ ನಮ್ಮೋರ ಬುದ್ಧೀನೂ ಅದರಲ್ಲಿತ್ತು ಅನ್ನಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಬೀದಿಗಳಿಂದ ಜನ ಆಚೆ ಬರ್ಲಿ ಅಂತ ಮಲ್ಲೇಶ್ವರ, ಬಸವನಗುಡಿ ಬೆಳೆಸಿದ್ರು. ಅಲ್ಲಿ ಮೊದ್ಲು ನಕ್ಷೆ, ಆಮೇಲೆ ರಸ್ತೆ, ಮೋರಿ, ಕೊನೇಲಿ ಮನೆ.

1945ರಲ್ಲಿ ಸಿಐಟಿಬಿ ಅಂತ ಬೋರ್ಡ್ ಆಯ್ತು. 1948ರಲ್ಲಿ ಜಯನಗರ ಶುರುವಾಯ್ತು. 1976ರಲ್ಲಿ ಬೋರ್ಡ್ ಹೋಗಿ ಬಿಡಿಎ ಬಂತು. ಅರ್ಜಿ ಹಾಕೋದು, ವರ್ಷಗಟ್ಟಲೆ ಕಾಯೋದು. "ಥರ್ಟಿ ಫಾರ್ಟಿ" ಅಂದ್ರೆ ಇವತ್ತಿಗೂ ನಮಗೆ ಅದು ಮನೇನೇ, ಅಳತೆ ಅಲ್ಲ.

ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ ಕಾರ್ಖಾನೆಗಳಿಗೆ ಜನ ಬಂದ್ರು. ಆಮೇಲೆ ಸಾಫ್ಟ್‌ವೇರ್‌ನೋರು ಬಂದ್ರು. ಬೋರ್ಡಿನ ಸೈಟು ಯಾವತ್ತೂ ಸಾಲಲಿಲ್ಲ. ಊರಾಚೆ ಹೊಲ ಇತ್ತು, ಆದ್ರೆ 1961ರ ಭೂ ಸುಧಾರಣೆ ಕಾನೂನಿನ ಪ್ರಕಾರ ರೈತರಲ್ಲದೋರು ಹೊಲ ಕೊಳ್ಳೋ ಹಾಗಿರಲಿಲ್ಲ. ಮನೆ ಕಟ್ಟಬೇಕಂದ್ರೆ ಭೂಪರಿವರ್ತನೆ ಆಗಬೇಕು. ಅದೆಲ್ಲ ಬಿಟ್ಟು ಹೊಲದಲ್ಲೇ ಸುಣ್ಣದ ಗೆರೆ ಹಾಕಿ, ಕಲ್ಲು ನೆಟ್ಟು, ಜಿಪಿಎ ಕಾಗದದ ಮೇಲೆ ಮಾರಿದ್ರು. ಅದೇ ರೆವಿನ್ಯೂ ಸೈಟು. ನಮ್ಮ ಓರಗಿತ್ತಿ ಎರಡೆಳೆ ಸರ ಮಾರಿ ಕೊಂಡಿದ್ದೂ ಅಂಥದ್ದೇ. ಬಾವಿ ತೋಡಿದ್ರು, ಕರೆಂಟು ಬಂತು, ಗೃಹಪ್ರವೇಶಾನೂ ಆಯ್ತು. ಕಾಗದ ಮಾತ್ರ ಬರಲೇ ಇಲ್ಲ. ಮಾರಿದ ಏಜೆಂಟು ಆಮೇಲೆ ಕೈಗೇ ಸಿಗಲಿಲ್ಲ.

ಮಲ್ಲೇಶ್ವರದ ಲೆಕ್ಕ ಇಲ್ಲಿ ತಲೆಕೆಳಗಾಯ್ತು ನೋಡಿ. ಮನೆ ಮೊದ್ಲು, ರಸ್ತೆ ಆಮೇಲೆ, ಕಾಗದ ದೇವರಿಗೇ ಗೊತ್ತು.

2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದ್ರು. ಇಂಥ ಮನೆಗಳಿಂದ ಕಂದಾಯ ತಗೋಬೇಕಲ್ಲ, ಅದಕ್ಕೆ ಬೇರೆ ಪುಸ್ತಕ ಇಟ್ಟರು. ಅದೇ ಬಿ ಖಾತೆ. ಬಹಳ ಜನ ಅದನ್ನೇ ಹಕ್ಕುಪತ್ರ ಅಂದ್ಕೊಂಡ್ರು. ಎ ಆಗ್ಲಿ ಬಿ ಆಗ್ಲಿ, ಖಾತೆ ಅಂದ್ರೆ ಕಂದಾಯ ಯಾರು ಕಟ್ಟಬೇಕು ಅನ್ನೋ ಲೆಕ್ಕ ಅಷ್ಟೇ, ಒಡೆತನ ಅಲ್ಲ. ಬಿ ಖಾತೆ ಅಂದ್ರೆ ಬ್ಯಾಂಕಿನೋರು ಸಾಲಕ್ಕೆ ಮುಖ ಸಿಂಡರಿಸ್ತಾರೆ, ಪ್ಲಾನೂ ಸುಲಭಕ್ಕೆ ಪಾಸಾಗಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಜಿಪಿಎ ಇಂದ ಆಸ್ತಿ ಕೈ ಬದಲಾಗಲ್ಲ, ರಿಜಿಸ್ಟರ್ ಆದ ಕ್ರಯಪತ್ರಾನೇ ಬೇಕು ಅಂತ ಖಡಾಖಂಡಿತ ಹೇಳ್ತು.

ಇದರಲ್ಲಿ ನಮ್ಮ ಹೆಂಗಸರ ಕತೆ ಬೇರೆ ಇದೆ. ಹಿಂದೂ ಉತ್ತರಾಧಿಕಾರ ಕಾನೂನಿಗೆ 1994ರಲ್ಲಿ ಕರ್ನಾಟಕ ತಿದ್ದುಪಡಿ ತಂದು, ಆವಾಗ ಮದುವೆ ಆಗದೇ ಇದ್ದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆ ಆದೋರನ್ನೂ ಸೇರಿಸ್ತು. ಅದಕ್ಕೇ ಈಗ ಹೊಲ ಕೊಳ್ಳೋರು ವಂಶವೃಕ್ಷ ಕೇಳ್ತಾರೆ, ಅಕ್ಕತಂಗೀರ ಸಹಿ ಕೇಳ್ತಾರೆ. ವರ್ಷಗಟ್ಟಲೆ ಬಾಗಿಲಿಗೆ ಬರದ ಅಣ್ಣ ಸೀರೆ, ಅರಿಶಿನ ಕುಂಕುಮ, ಹಕ್ಕು ಬಿಡುಗಡೆ ಪತ್ರ ಮೂರೂ ಹಿಡ್ಕೊಂಡು ಬರ್ತಾನೆ. ಸೀರೆ ಮಡಿಲಿಗೆ ಹಾಕಿಸ್ಕೊಳ್ಳಿ, ಪತ್ರ ಓದದೆ ಸಹಿ ಮಾತ್ರ ಹಾಕಬೇಡಿ. ಬಿಟ್ಟುಕೊಡೋದು ನಿಮ್ಮಿಷ್ಟ, ಆದ್ರೆ ಬಿಟ್ಟಿದ್ದು ಏನು ಅಂತ ಗೊತ್ತಿರಬೇಕು.

ಕೊಳ್ಳುವಾಗಲೂ ಅಷ್ಟೇ. ಮಾರೋರಿಗೆ ಜಮೀನು ಹೇಗೆ ಬಂತು ಅನ್ನೋ ಮೂಲ ಪತ್ರ, ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆ, ಇಸಿ, ಖಾತೆ ಎಲ್ಲಾ ಕೇಳಿ, ವಕೀಲರಿಗೆ ತೋರಿಸಿ. ಸರ ಮಾರೋದು ನಾವಾದ್ಮೇಲೆ ಕ್ರಯಪತ್ರದಲ್ಲಿ ಹೆಸರೂ ಜೊತೆಗೇ ಇರಲಿ. ಕಾಗದ ಗಂಡಸರ ಕೆಲಸ, ನಮಗೇನು ತಿಳಿಯತ್ತೆ ಅನ್ನಬೇಡಿ. ರೇಷನ್ ಕಾರ್ಡು, ಚೀಟಿ ಲೆಕ್ಕ ಎಲ್ಲಾ ತಿಳಿಯೋರಿಗೆ ಇದೂ ತಿಳಿಯತ್ತೆ ಕಣ್ರೀ.