ಮೂರು ಸಲ ಕೆಟ್ಟ ಇಟ್ಟಿಗೆ ಗೂಡು

ಹಳ್ಳಿ ಶಾಲೆಗಳ ಬಗ್ಗೆ ಬರೆಯಲು ಹೋದಾಗಲೆಲ್ಲ ಊರವರು ನಮಗೆ ಮೊದಲು ತೋರಿಸುವುದು ಸೋರುವ ಮಾಡು. ಈ ಸಲ ದೂರದ ಸೋರುವ ಶಾಲೆಯೊಂದರ ಕತೆ ಹೇಳುತ್ತೇವೆ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ಎಂಬ ಊರು, 1881ನೇ ಇಸವಿ.

ಗುಲಾಮಗಿರಿ ರದ್ದಾಗಿ ಹದಿನಾರು ವರ್ಷವಾಗಿತ್ತು. ಹಿಂದೆ ಗುಲಾಮರಾಗಿದ್ದ, ತಗಡಿನ ಕೆಲಸ ಬಲ್ಲ ಲೂಯಿಸ್ ಆಡಮ್ಸ್ ಕಪ್ಪು ಜನರಿಗೊಂದು ಶಿಕ್ಷಕರ ತರಬೇತಿ ಶಾಲೆ ಬೇಕೆಂದು ಓಡಾಡಿದರು. ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದ ಬಿಳಿಯ ಜಾರ್ಜ್ ಕ್ಯಾಂಪ್‌ಬೆಲ್ ಕೂಡ ಅವರ ಜೊತೆಗೂಡಿದರು. ಸರ್ಕಾರ ವರ್ಷಕ್ಕೆ 2,000 ಡಾಲರ್ ಮಂಜೂರು ಮಾಡಿತು, ಅದೂ ಸಂಬಳಕ್ಕೆ ಮಾತ್ರ. ಜಾಗವೂ ಇಲ್ಲ, ಕಟ್ಟಡವೂ ಇಲ್ಲ. ಈ ಮಾತು ನಮ್ಮ ಕಡೆಯವರಿಗೆ ಹೊಸದೇನಲ್ಲ.

ಮುಖ್ಯಸ್ಥರಾಗಿ ಬಂದ ಯುವಕ ಬೂಕರ್ ಟಿ. ವಾಷಿಂಗ್ಟನ್ ಕೂಡ ಗುಲಾಮರಾಗಿ ಹುಟ್ಟಿದವರೇ. ಚರ್ಚು ಮತ್ತು ಅದರ ಪಕ್ಕದ ಹಳೇ ಗುಡಿಸಲಿನಲ್ಲಿ 30 ಜನರಿಗೆ ಪಾಠ ಶುರುವಾಯಿತು. ಮಳೆ ಬಂದರೆ ವಿದ್ಯಾರ್ಥಿಯೊಬ್ಬ ಪಾಠ ಕೇಳುವುದು ಬಿಟ್ಟು ಮೇಷ್ಟ್ರ ತಲೆ ಮೇಲೆ ಕೊಡೆ ಹಿಡಿದು ನಿಲ್ಲುತ್ತಿದ್ದ.

ನಂತರ 100 ಎಕರೆಯ ಪಾಳು ತೋಟ 500 ಡಾಲರಿಗೆ ಸಿಕ್ಕಿತು. ಅರ್ಧ ದುಡ್ಡು ಸಾಲ. ಉಳಿದದ್ದಕ್ಕೆ ಸಹ ಶಿಕ್ಷಕಿ ಒಲಿವಿಯಾ ಡೇವಿಡ್ಸನ್ ಮನೆ ಮನೆ ತಿರುಗಿದರು. ಕಪ್ಪು ಜನ, ಬಿಳಿ ಜನ ಎನ್ನದೆ ಕೇಕು, ಕೋಳಿ, ಬ್ರೆಡ್ಡು ಬೇಡಿ ತಂದು ಊಟದ ಮೇಳ ನಡೆಸಿ ಹಣ ಕೂಡಿಸಿದರು. ಎಪ್ಪತ್ತರ ಆಸುಪಾಸಿನ ಅಜ್ಜಿಯೊಬ್ಬರು, ಗುಲಾಮಗಿರಿಯಲ್ಲೇ ಆಯಸ್ಸು ಸವೆಸಿದವರು, ಕೋಲೂರಿಕೊಂಡು ಬಂದು ಆರು ಮೊಟ್ಟೆ ಕೊಟ್ಟು ಹೋದರು. ತಮ್ಮಲ್ಲಿ ಇದ್ದದ್ದೇ ಅಷ್ಟು.

ಕಷ್ಟ ಬಂದದ್ದು ಇಟ್ಟಿಗೆಯಲ್ಲಿ. ಓದು ಎಂದರೆ ಗುದ್ದಲಿ ಹಿಡಿಯುವುದರಿಂದ ಬಿಡುಗಡೆ ಎಂದುಕೊಂಡಿದ್ದ ವಿದ್ಯಾರ್ಥಿಗಳು ಪೊದೆ ಕಡಿಯಲೇ ಹಿಂದೇಟು ಹಾಕಿದ್ದರು. ವಾಷಿಂಗ್ಟನ್ ತಾವೇ ಕೊಡಲಿ ಹಿಡಿದು ಮುಂದೆ ನಡೆದ ಮೇಲೆ ಹಿಂದೆ ಬಂದರು. ಮಣ್ಣಿನ ಗುಂಡಿಯಲ್ಲಿ ಮೊಣಕಾಲು ಮಟ್ಟ ಕೆಸರು ತುಳಿಯಬೇಕಾದಾಗ ಕೆಲವರು ಶಾಲೆಯನ್ನೇ ಬಿಟ್ಟರು. ಮೊದಲ ಗೂಡಿಗೆ ಇಟ್ಟ ಸುಮಾರು 25,000 ಇಟ್ಟಿಗೆ ಸರಿಯಾಗಿ ಬೇಯದೆ ಹಾಳಾಯಿತು. ಎರಡನೆಯದೂ ಕೆಟ್ಟಿತು. ಮೂರನೆಯದು ಸುಡುವ ಕೆಲಸ ಮುಗಿಯುತ್ತ ಬಂದಿದ್ದಾಗ ನಡುರಾತ್ರಿ ಕುಸಿಯಿತು. ಕೈಯಲ್ಲಿ ಬಿಡಿಗಾಸಿಲ್ಲ, ಶಿಕ್ಷಕರೂ ಸಾಕು ಬಿಡಿ ಎಂದರು. ವಾಷಿಂಗ್ಟನ್ ಮಾಂಟ್‌ಗೊಮರಿಗೆ ಹೋಗಿ ತಮ್ಮ ಗಡಿಯಾರ ಅಡವಿಟ್ಟು 15 ಡಾಲರ್ ತಂದರು. ನಾಲ್ಕನೇ ಗೂಡು ಗೆದ್ದಿತು.

ಆ ಸುತ್ತಿನಲ್ಲಿ ಒಳ್ಳೆ ಇಟ್ಟಿಗೆ ಸಿಗುತ್ತಿರಲಿಲ್ಲ. ಕಪ್ಪು ಜನರಿಗೆ ಓದು ಯಾಕೆ ಎಂದು ಮೂಗು ಮುರಿದಿದ್ದ ಬಿಳಿಯರೂ ಗಾಡಿ ಕಟ್ಟಿಕೊಂಡು ಶಾಲೆಗೆ ಬಂದು ಇಟ್ಟಿಗೆ ಕೊಂಡರು.

ಈ ದಾರಿಗೆ ಟೀಕೆಯೂ ಇತ್ತು. ಕೈಕೆಲಸ ಕಲಿಸುವ ಭರದಲ್ಲಿ ಮತದ ಹಕ್ಕನ್ನು, ಉನ್ನತ ವಿದ್ಯೆಯನ್ನು ಹಿಂದೆ ಸರಿಸಿದಿರಿ ಎಂದು ಡಬ್ಲ್ಯು. ಇ. ಬಿ. ಡುಬಾಯ್ಸ್ 1903ರಲ್ಲಿ ನೇರವಾಗಿ ಬರೆದರು. ಆ ಮಾತಿನಲ್ಲಿ ಹುರುಳಿದೆ ಎಂದೇ ನಮಗೆ ಅನಿಸುತ್ತದೆ. ಇನ್ನೊಂದು ತಕರಾರು ನಮ್ಮದೇ: ಕತೆ ಹೇಳುವವರೆಲ್ಲ ವಾಷಿಂಗ್ಟನ್ ಹೆಸರು ಹೇಳಿ ಆಡಮ್ಸ್ ಮತ್ತು ಡೇವಿಡ್ಸನ್ ಅವರನ್ನು ಮರೆಯುತ್ತಾರೆ.

ಶಾಲೆ ಇಂದು ಟಸ್ಕೀಗಿ ವಿಶ್ವವಿದ್ಯಾಲಯ. ಅಡವಿಟ್ಟ ಗಡಿಯಾರ ಮಾತ್ರ ವಾಪಸ್ ಬರಲಿಲ್ಲ.