ಶ್ರಾವಣದ ವ್ರತ, ಶರಣರ ಅವಧಾನ: ಮಧುಗಿರಿ ಸೀಮೆಯಲ್ಲಿ ಬಿಡುವಿಕೆಯ ಇತಿಹಾಸ

ಆಷಾಢದ ಅಮಾವಾಸ್ಯೆ ಕಳೆದು ಶ್ರಾವಣ ಕಾಲಿಟ್ಟೊಡನೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಡಿಗೆಮನೆಯ ಕ್ರಮವೇ ಬದಲಾಗುತ್ತದೆ. ಮಾಂಸಾಹಾರಿಗಳಾದ ಅನೇಕ ಕುಟುಂಬಗಳು ತಿಂಗಳುಪರ್ಯಂತ ಮಾಂಸವನ್ನು ಮುಟ್ಟುವುದಿಲ್ಲ. ಶ್ರಾವಣ ಶನಿವಾರಗಳಂದು ಹಿರಿಯರು ಒಪ್ಪೊತ್ತು ಇರುತ್ತಾರೆ. ಪಾವಗಡದ ಶನಿಮಹಾತ್ಮನ ಸನ್ನಿಧಿಯಲ್ಲಿ ಆ ಶನಿವಾರಗಳಂದು ಕಾಲಿಡಲು ಸ್ಥಳವಿರುವುದಿಲ್ಲ. ಮಠಗಳಲ್ಲಿ ಪುರಾಣ ಪ್ರವಚನ ನಡೆಯುತ್ತದೆ. ವರ್ಷವಿಡೀ ಹೆಂಡದಂಗಡಿಯ ದಾರಿ ತಪ್ಪದವನೂ ಈ ಒಂದು ತಿಂಗಳು ಆ ದಾರಿಯನ್ನು ಬಿಟ್ಟು ನಡೆಯುವುದುಂಟು. ಇದರಲ್ಲಿ ದೈವಭಕ್ತಿ ಎಷ್ಟು, ದೇಹಕ್ಕೆ ಹಿತವಾಗಲೆಂಬ ಬಯಕೆ ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ವ್ರತ ಹಿಡಿದವರೂ ಹಾಗೆ ಬೇರ್ಪಡಿಸಿ ನೋಡಿದವರಲ್ಲ.

ಇದು ಒಂದು ಮತದ ಸೊತ್ತೂ ಅಲ್ಲ. ಒಮ್ಮೆ ಮೊಗಲರ ಸುಬಾದ ರಾಜಧಾನಿಯಾಗಿದ್ದ ಶಿರಾದಲ್ಲಿ ರಂಜಾನ್ ಉಪವಾಸಕ್ಕೆ ಶತಮಾನಗಳ ಹಿನ್ನೆಲೆಯಿದೆ. ಶಬರಿಮಲೆಗೆ ಮಾಲೆ ಧರಿಸುವವರು 41 ದಿನಗಳ ಮಂಡಲ ವ್ರತದಲ್ಲಿ ಮದ್ಯ, ಮಾಂಸ, ಬೀಡಿಗಳನ್ನು ತೊರೆಯುತ್ತಾರೆ. ಕನ್ನಡ ಕ್ರೈಸ್ತರು ಈಸ್ಟರಿಗೆ ಮುಂಚಿನ 40 ದಿನಗಳನ್ನು ತಪಸ್ಸುಕಾಲವೆಂದು ಕರೆದು, ತಮಗೆ ಪ್ರಿಯವಾದ ಒಂದು ತಿನಿಸನ್ನೋ ಚಟವನ್ನೋ ಬಿಡುತ್ತಾರೆ. ಆ ಕಾಲ ಹಣೆಗೆ ಬೂದಿ ಧರಿಸುವ ವಿಭೂತಿ ಬುಧವಾರದಿಂದ ಆರಂಭವಾಗುತ್ತದೆಂಬುದು ವಿಭೂತಿಧಾರಣೆಯನ್ನು ಬಲ್ಲವರಿಗೆ ಕುತೂಹಲದ ಸಂಗತಿ.

ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಅನ್ನವನ್ನು ಬಿಡುವ ಮಾತಿಗೆ ಬೇರೊಂದು ನೆನಪೂ ಅಂಟಿಕೊಂಡಿದೆ. ಆಡಳಿತದಲ್ಲಿ ಮಧುಗಿರಿ ಉಪವಿಭಾಗವೆನಿಸಿ, ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯೂ ಆಗಿರುವ ಈ ಸೀಮೆ ತುಮಕೂರು ಜಿಲ್ಲೆಯ ಒಣಭಾಗ. ತೆಂಗು ಅಡಿಕೆಗಳ ಕಲ್ಪತರು ನಾಡೆಂಬ ಬಿರುದು ತಿಪಟೂರು ಗುಬ್ಬಿಗಳಿಗೆ ಒಪ್ಪುವಷ್ಟು ಪಾವಗಡಕ್ಕೆ ಒಪ್ಪದು. ಇಲ್ಲಿಯದು ರಾಗಿ ಮತ್ತು ಕಡಲೆಕಾಯಿಯ ಹೊಲ, ಮಳೆಯನ್ನು ಕಾಯುವ ಬಾಳು. ಧಾತು, ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮ, ಮೈಸೂರು ಸಂಸ್ಥಾನವನ್ನೇ ನಡುಗಿಸಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿಯಿತು. ಬಯಸಿ ಬಿಟ್ಟ ಅನ್ನ ಒಂದು, ಸಿಗದೆ ಬಿಟ್ಟ ಅನ್ನ ಇನ್ನೊಂದು. ಈ ಭೇದವನ್ನು ಮರೆತು ಉಪವಾಸದ ಹಿರಿಮೆಯನ್ನು ಸಾರುವುದು ಇಂಥ ನೆಲದಲ್ಲಿ ಸಲ್ಲದು.

ಶ್ರಾವಣದ ಮಿತಾಹಾರಕ್ಕೆ ಆಯುರ್ವೇದ ಕೊಡುವ ಕಾರಣ ಪ್ರಸಿದ್ಧವಾದುದು. ವರ್ಷಋತುವಿನಲ್ಲಿ ಜಠರಾಗ್ನಿ ಮಂದವಾಗುತ್ತದೆ, ಆದ್ದರಿಂದ ಲಘುವಾದ ಆಹಾರ ಹಿತ ಎಂಬುದು ಅದರ ಋತುಚರ್ಯೆ. ಆದರೆ ಈ ಸೀಮೆಯಲ್ಲಿ ಮಳೆಯ ಬಹುಪಾಲು ಬರುವುದು ಶ್ರಾವಣ ಕಳೆದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ. ಶ್ರಾವಣವೆಂದರೆ ಹಿಂದೆ ಹಗೇವಿನಲ್ಲಿಟ್ಟ ರಾಗಿ ತಳ ಕಾಣುತ್ತಿದ್ದ, ಹೊಲದ ಪೈರು ಇನ್ನೂ ಕಳೆ ಕೀಳಿಸಿಕೊಳ್ಳುತ್ತಿದ್ದ ಕಾಲ. ಇರುವುದನ್ನು ಹಿಡಿತದಿಂದ ಉಣ್ಣಬೇಕಾಗಿದ್ದ ತಿಂಗಳಿಗೆ ವ್ರತವು ಒಂದು ಮರ್ಯಾದೆಯನ್ನು ತಂದುಕೊಟ್ಟಿತೆಂದು ಊಹಿಸಿದರೆ ತಪ್ಪಾಗಲಾರದು.

ಇನ್ನು ಶರಣರು ವ್ರತವನ್ನು ಹೇಗೆ ಕಂಡರು? ಶರಣರು ವ್ರತಗಳನ್ನೆಲ್ಲ ತಿರಸ್ಕರಿಸಿದರು ಎಂಬ ಮಾತು ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಅರ್ಧಸತ್ಯ. ‘ಆಚಾರವೇ ಪ್ರಾಣವಾದ ರಾಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ನುಡಿದ ಶರಣೆ ಅಕ್ಕಮ್ಮನ ವಚನಗಳ ಮುಖ್ಯ ವಿಷಯವೇ ವ್ರತ ಮತ್ತು ಶೀಲ. ಉಪ್ಪನ್ನು ತೊರೆದು ಸಪ್ಪೆಯನ್ನುಣ್ಣುವ ಶೀಲದ ಪ್ರಸ್ತಾಪವೂ ವಚನಸಾಹಿತ್ಯದಲ್ಲಿ ಬರುತ್ತದೆ. ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಿರುವ ಈ ಕಾಲದಲ್ಲಿ ಅದನ್ನು ಓದುವಾಗ ರಕ್ತದೊತ್ತಡದವರಿಗೆ ನಗು ಬಂದರೆ ಆಶ್ಚರ್ಯವಿಲ್ಲ. ಶರಣರು ಖಂಡಿಸಿದ್ದು ಅರಿವಿಲ್ಲದೆ ಹಿಡಿದ ವ್ರತವನ್ನು, ನಾಲಗೆಯನ್ನು ಕಟ್ಟಿ ಮನಸ್ಸನ್ನು ಹರಿಯಬಿಟ್ಟ ಡಾಂಭಿಕತೆಯನ್ನು. ಬಸವಣ್ಣನವರು ಅಂತರಂಗ ಬಹಿರಂಗಗಳ ಶುದ್ಧಿಯೆಂದು ಎಣಿಸಿದ ಏಳು ನಿಷೇಧಗಳಲ್ಲಿ ಕಳ್ಳತನವಿದೆ, ಕೊಲೆಯಿದೆ, ಸುಳ್ಳಿದೆ, ಕೋಪವಿದೆ, ಆತ್ಮಪ್ರಶಂಸೆ ಮತ್ತು ಪರನಿಂದೆಗಳಿವೆ. ತಟ್ಟೆಯ ಮೇಲಿನ ಯಾವೊಂದು ಪದಾರ್ಥದ ಹೆಸರೂ ಅಲ್ಲಿಲ್ಲ.

ಷಟ್‌ಸ್ಥಲದ ವಿವೇಚನೆ ಇಲ್ಲಿ ಉಪಯುಕ್ತವಾಗಿದೆ. ಭಕ್ತನದು ಶ್ರದ್ಧೆ, ಮಹೇಶ್ವರನದು ನಿಷ್ಠೆ, ಪ್ರಸಾದಿಯದು ಅವಧಾನ. ಹಿಡಿದ ನೇಮವನ್ನು ಬಿಡದಿರುವ ಛಲ ಎರಡನೆಯ ಸ್ಥಲಕ್ಕೆ ಸೇರಿದ್ದು. ಆಹಾರದ ಪ್ರಶ್ನೆ ನಿಜವಾಗಿ ಎದುರಾಗುವುದು ಮೂರನೆಯದರಲ್ಲಿ. ಉಣ್ಣುವ ಪ್ರತಿಯೊಂದು ತುತ್ತನ್ನೂ ಲಿಂಗಕ್ಕರ್ಪಿಸಿ ಸ್ವೀಕರಿಸುವವನು ಅಜಾಗರೂಕನಾಗಿ ಉಣ್ಣಲಾರ, ಮಿತಿಮೀರಿ ಉಣ್ಣಲಾರ, ಎಲೆಯಲ್ಲಿ ಚೆಲ್ಲಲಾರ. ತುಮಕೂರು ಜಿಲ್ಲೆಯ ಎಡೆಯೂರಿನಲ್ಲಿ ಐಕ್ಯರಾದ, ಕಗ್ಗೆರೆಯ ತೋಟದಲ್ಲಿ ತಪಗೈದು ‘ತೋಂಟದ’ ಎಂಬ ವಿಶೇಷಣ ಪಡೆದ ಸಿದ್ಧಲಿಂಗ ಯತಿಗಳು ‘ಷಟ್‌ಸ್ಥಲ ಜ್ಞಾನಸಾರಾಮೃತ’ದ 701 ವಚನಗಳಲ್ಲಿ ಈ ಸ್ಥಲಕ್ರಮವನ್ನು ವಿಸ್ತರಿಸಿದರು. ತಿಂಗಳ ಮಟ್ಟಿಗೆ ಏನನ್ನು ಬಿಡಬೇಕೆಂಬ ಪ್ರಶ್ನೆಗೂ ವರ್ಷವಿಡೀ ಹೇಗೆ ಉಣ್ಣಬೇಕೆಂಬ ಪ್ರಶ್ನೆಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಶ್ರಾವಣವನ್ನು ಕಟ್ಟುನಿಟ್ಟಾಗಿ ಕಳೆದು, ಗಣೇಶನ ಹಬ್ಬವಾದ ಮರುವಾರವೇ ತಿಂಗಳ ಬಾಕಿಯನ್ನೆಲ್ಲ ಒಂದೇ ದಿನ ತೀರಿಸಿಕೊಳ್ಳುವವರನ್ನು ಈ ಊರುಗಳು ಚೆನ್ನಾಗಿಯೇ ಬಲ್ಲವು.

ಮದ್ಯದ ವಿಷಯಕ್ಕೆ ಬಂದಾಗ ಇತಿಹಾಸ ಹೆಚ್ಚು ದಟ್ಟವಾಗುತ್ತದೆ. ಹಳ್ಳಗಳ ಸಾಲಿನ ಈಚಲು ಮರಗಳಿಂದ ಇಳಿಸುತ್ತಿದ್ದ ಹೆಂಡ ಈ ಬಯಲುಸೀಮೆಯ ಹಳೆಯ ಪಾನೀಯ. ಅದನ್ನು ಇಳಿಸುವುದು, ಮಾರುವುದು ಅನೇಕರ ಹೊಟ್ಟೆಪಾಡು. ಶರಣರ ಬಳಗದಲ್ಲಿಯೂ ಒಬ್ಬ ಹೆಂಡದ ಮಾರಯ್ಯನಿದ್ದನೆಂಬುದನ್ನು ಮರೆಯಬಾರದು. ‘ಧರ್ಮೇಶ್ವರಲಿಂಗ’ ಅವನ ಅಂಕಿತ. ತನ್ನ ಕಾಯಕದ ಪರಿಭಾಷೆಯಲ್ಲಿಯೇ ಅವನು ಅನುಭಾವವನ್ನು ನುಡಿದ. ಅಂಗಡಿಗೆ ಬಂದವರಿಗೆ ಕುಡಿತದ ಕೇಡನ್ನು ತಿಳಿಹೇಳಿ ಅವರನ್ನು ಭಕ್ತಿಯ ಕಡೆಗೆ ತಿರುಗಿಸುತ್ತಿದ್ದನೆಂಬುದು ಅವನ ಬಗೆಗಿನ ಐತಿಹ್ಯ. ಮಾರುವವನೇ ಬಿಡಿಸುವವನಾದ ಈ ಚಿತ್ರ ಇಂದಿನ ಸರಕಾರಗಳಿಗೂ ಯೋಚನೆಗೆ ಹಚ್ಚಬೇಕಾದದ್ದು, ಏಕೆಂದರೆ ಮದ್ಯದ ಆದಾಯವನ್ನು ಎಣಿಸುವ ಕೈಯೇ ವ್ಯಸನಮುಕ್ತಿಯ ಫಲಕವನ್ನೂ ಬರೆಸುತ್ತದೆ.

ಸ್ವಾತಂತ್ರ್ಯಾನಂತರ ಮೈಸೂರಿನಲ್ಲಿ 1948ರ ಪಾನನಿಷೇಧ ಕಾಯಿದೆ ಬಂತು, ಏಕೀಕರಣದ ನಂತರ 1961ರಲ್ಲಿ ಹೊಸ ಕಾಯಿದೆಯಾಯಿತು. ನಿಜಲಿಂಗಪ್ಪನವರ ಕಾಲದಲ್ಲಿ, 1967ರಲ್ಲಿ, ನಿಷೇಧವನ್ನು ತೆರವುಗೊಳಿಸಲಾಯಿತು. ಮೂರು ದಿಕ್ಕುಗಳಲ್ಲಿ ಆಂಧ್ರದಿಂದ ಸುತ್ತುವರಿದ ಪಾವಗಡಕ್ಕೆ ಗಡಿಯಾಚೆಯ ಕಾನೂನೂ ನೆರೆಮನೆಯ ಸುದ್ದಿಯೇ. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1990ರ ದಶಕದ ಆರಂಭದಲ್ಲಿ ಸಾರಾಯಿಯ ವಿರುದ್ಧ ಎದ್ದುನಿಂತದ್ದು ಆಂಧ್ರದಾದ್ಯಂತ ಹಬ್ಬಿ, 1993ರಲ್ಲಿ ಅಲ್ಲಿ ಸಾರಾಯಿ ನಿಷೇಧವಾಯಿತು. 1995ರ ಸಂಪೂರ್ಣ ಪಾನನಿಷೇಧ ಎರಡೇ ವರ್ಷಗಳಲ್ಲಿ ಸಡಿಲಗೊಂಡಿತು. ಕರ್ನಾಟಕದಲ್ಲಿ 2004ರಲ್ಲಿ ಕರಾವಳಿಯನ್ನುಳಿದು ಒಳನಾಡಿನ ಹೆಂಡ ನಿಂತಿತು, 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆ ಜಾಗವನ್ನು ಸೀಸೆಯ, ಕ್ರಮೇಣ ಪೊಟ್ಟಣದ ಅಗ್ಗದ ವಿಸ್ಕಿ ಬ್ರಾಂದಿಗಳು ತುಂಬಿದವು. ಮರ ಏರುತ್ತಿದ್ದವನ ಕಸುಬು ಹೋಯಿತು, ಕುಡಿಯುವವನ ಕುಡಿತ ಹೋಗಲಿಲ್ಲ.

ಕಾಯಿದೆ ಬಾಗಿಲು ಮುಚ್ಚುತ್ತ ತೆರೆಯುತ್ತ ಇದ್ದ ಇದೇ ಅವಧಿಯಲ್ಲಿ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ಬೇರೊಂದು ಮಾರ್ಗ ಹಿಡಿದರು. 1975ರಲ್ಲಿ ಅವರು ಆರಂಭಿಸಿದ ‘ಮಹಾಂತ ಜೋಳಿಗೆ’ ಬೇಡಿದ್ದು ಧಾನ್ಯವನ್ನಲ್ಲ, ಹಣವನ್ನಲ್ಲ. ಮನೆಯ ಬಾಗಿಲಿಗೆ, ಕೇರಿಯ ಕಟ್ಟೆಗೆ ಬಂದು ಅವರು ಬೇಡಿದ್ದು ಆ ಮನೆಯವನ ದುಶ್ಚಟವನ್ನು. ಬೀಡಿಯ ಕಟ್ಟು, ತಂಬಾಕಿನ ಚೀಲ, ಬಾಯಿಮಾತಿನ ಪ್ರಮಾಣ ಎಲ್ಲವೂ ಆ ಜೋಳಿಗೆಗೆ ಬಿದ್ದವು. ಭಿಕ್ಷೆ ನೀಡುವುದು ಗೃಹಸ್ಥನಿಗೆ ಅಭಿಮಾನದ ವಿಷಯ, ನೀಡಿದ್ದನ್ನು ಮರಳಿ ಕೇಳುವುದು ನಾಚಿಕೆಯ ವಿಷಯ. ಚಟವನ್ನು ಬಿಡು ಎಂದು ಬೈದವರಿಗಿಂತ ಚಟವನ್ನು ಕೊಡು ಎಂದು ಬೇಡಿದವರಿಗೆ ಜನ ಹೆಚ್ಚು ಮಣಿದ ಗುಟ್ಟು ಬಹುಶಃ ಇಲ್ಲಿದೆ. ಶ್ರೀಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ಆ ದಿನ ಹಲವು ವರ್ಷಗಳಲ್ಲಿ ಶ್ರಾವಣದೊಳಗೇ ಬೀಳುತ್ತದೆ.

ಇಲ್ಲೊಂದು ಎಚ್ಚರವನ್ನು ವ್ರತಸ್ಥರೂ ವ್ರತ ಹಿಡಿಸುವವರೂ ಗಮನಿಸಬೇಕು. ವರ್ಷಗಟ್ಟಲೆ ಪ್ರತಿದಿನ ವಿಪರೀತ ಕುಡಿದವನು ಶ್ರಾವಣದ ಮೊದಲ ದಿನವೋ ಮಾಲೆ ಧರಿಸಿದ ದಿನವೋ ಒಮ್ಮೆಲೇ ನಿಲ್ಲಿಸಿದರೆ ದೇಹ ತಿರುಗಿಬೀಳುತ್ತದೆ. ಆರರಿಂದ ಹನ್ನೆರಡು ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸಬಹುದು. ಎರಡು ದಿನಗಳೊಳಗೆ ಮೂರ್ಛೆರೋಗದಂಥ ಸೆಳೆತ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಂಡಂತಾಗಿ, ಬಡಬಡಿಸಿ, ಪ್ರಾಣಾಪಾಯವೂ ಒದಗಬಹುದು. ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿತೆಂದೋ ವ್ರತಭಂಗದ ಶಿಕ್ಷೆಯೆಂದೋ ತಿಳಿದು ಆಸ್ಪತ್ರೆಗೆ ಒಯ್ಯುವುದನ್ನು ತಡಮಾಡುವುದು ಅತ್ಯಂತ ಅಪಾಯಕರ. ವೈದ್ಯರ ಮೇಲ್ವಿಚಾರಣೆಯಲ್ಲಿ ಇದಕ್ಕೆ ಸಮರ್ಪಕ ಔಷಧಿಯಿದೆ. ಆ ಮೊದಲ ವಾರವನ್ನು ದಾಟಿದವನಿಗೆ ದೊರೆಯುವ ಲಾಭವೂ ಅಷ್ಟೇ ನಿಜ. ಯಕೃತ್ತಿನಲ್ಲಿ ಸೇರಿದ ಕೊಬ್ಬು ಕೆಲವೇ ವಾರಗಳ ಸಂಯಮದಿಂದ ಕರಗತೊಡಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು ಒಪ್ಪೊತ್ತಿನ ವ್ರತ ಹಿಡಿಯುವ ಮುನ್ನ ಔಷಧಿಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳದಿದ್ದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಸಂಭವವುಂಟು.

ಪಾವಗಡದಲ್ಲಿ ಬಿಡಬೇಕಾದುದರ ಪಟ್ಟಿಗೆ ನೀರೇ ಸೇರಿಬಿಟ್ಟದ್ದು ಆ ತಾಲ್ಲೂಕಿನ ದುರ್ದೈವ. ಕುಡಿಯುವ ನೀರಿನಲ್ಲಿ ಪ್ರತಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದ ಫ್ಲೋರೈಡ್, ಅಲ್ಲಿನ ಎಷ್ಟೋ ಕೊಳವೆಬಾವಿಗಳಲ್ಲಿ ಆ ಮಿತಿಯನ್ನು ದಾಟಿದೆ. ಹಲ್ಲು ಕಂದುಗಟ್ಟುವುದು, ಕೀಲು ಬಿಗಿಯುವುದು, ಬೆನ್ನು ಬಾಗುವುದು ಅದರ ಫಲ. ತುಂಗಭದ್ರೆಯ ನೀರನ್ನು ಅಷ್ಟು ದೂರದಿಂದ ತರುವ ಯೋಜನೆ ಕೈಗೊಂಡಿದ್ದರ ಹಿಂದೆ ಈ ಸಂಕಟವಿದೆ. ಫ್ಲೋರೈಡ್ ಬಾಧೆಯುಳ್ಳವರು ಕಪ್ಪು ಉಪ್ಪು, ಹಾಲು ಹಾಕದ ಕಡು ಚಹಾ, ಅಡಿಕೆ ಇವನ್ನು ಬಿಡಬೇಕೆಂದು ತಜ್ಞರು ಹೇಳುತ್ತಾರೆ, ಏಕೆಂದರೆ ಇವುಗಳಲ್ಲಿಯೂ ಫ್ಲೋರೈಡ್ ಇದೆ. ಹಿಡಿಯಬೇಕಾದದ್ದು ಕ್ಯಾಲ್ಸಿಯಂ ಇರುವ ಆಹಾರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಅಜ್ಜಿ ತೊಳಸುತ್ತಿದ್ದ ಮುದ್ದೆಗೆ ಇಲ್ಲಿ ಔಷಧಿಯ ಗೌರವ ಸಲ್ಲಬೇಕು. ಅಡಿಕೆಯ ಮಾತು ತುಮಕೂರು ಜಿಲ್ಲೆಯಲ್ಲಿ ನೋವುಂಟುಮಾಡುವಂಥದು, ತೋಟವಿರುವವರ ಜೀವನ ಅದರ ಮೇಲೆ ನಿಂತಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತೆಂಬ ಸಂಗತಿಯನ್ನು ಮುಚ್ಚಿಡಲಾಗದು. ಎಲೆಯಡಿಕೆಯ ಸಂಚಿಯಲ್ಲಿ ಹೊಗೆಸೊಪ್ಪನ್ನೂ ಇಟ್ಟುಕೊಂಡ ಎಷ್ಟೋ ತಾಯಂದಿರು ಶ್ರಾವಣದಲ್ಲಿ ಅನ್ನವನ್ನು ಬಿಡುತ್ತಾರೆ, ಸಂಚಿಯನ್ನು ಬಿಡುವುದಿಲ್ಲ. ಆರೋಗ್ಯಕ್ಕಾಗಿ ಏನಾದರೊಂದನ್ನು ಬಿಡುವುದಾದರೆ ಮೊದಲು ಬಿಡಬೇಕಾದದ್ದು ಆ ಸಂಚಿಯೇ.

ಬಿಡುವಿಕೆ ತನ್ನ ತಟ್ಟೆಯದಾಗಿರಬೇಕು, ಇನ್ನೊಬ್ಬರ ತಟ್ಟೆಯದಲ್ಲ. 2021ರ ಕೊನೆಯಲ್ಲಿ ಶಾಲೆಯ ಬಿಸಿಯೂಟದೊಡನೆ ಮೊಟ್ಟೆ ನೀಡುವ ಯೋಜನೆ ಕಲ್ಯಾಣ ಕರ್ನಾಟಕ ಭಾಗದಲ್ಲಿ ಆರಂಭವಾದಾಗ ಕೆಲವು ಮಠಾಧೀಶರಿಂದ ವಿರೋಧ ಬಂತು. ಒಲ್ಲದ ಮಕ್ಕಳಿಗೆ ಬಾಳೆಹಣ್ಣು, ಮುಂದೆ ಕಡಲೆಕಾಯಿಯ ಚಿಕ್ಕಿ ಕೊಡುವ ವ್ಯವಸ್ಥೆಯಾಯಿತು. ವಿರೋಧಿಸಿದವರ ಶ್ರದ್ಧೆಯನ್ನು ಸಂದೇಹಿಸಬೇಕಾಗಿಲ್ಲ. ಆದರೆ ರಕ್ತಹೀನತೆಯಿಂದ ಬಳಲುವ ಮಗುವಿಗೆ ವ್ರತವನ್ನು ಬೇರೆಯವರು ಹಿಡಿಯಲಾಗದು. ಆ ಯೋಜನೆಯ ಹೆಸರೇ ಅಕ್ಷರ ದಾಸೋಹ ಎಂಬುದು ಆ ವಾದವಿವಾದದ ಗದ್ದಲದಲ್ಲಿ ಯಾರಿಗೂ ನೆನಪಾದಂತೆ ಕಾಣಲಿಲ್ಲ.

ದಾಸೋಹದ ಪಾಠ ಈ ತಾಲ್ಲೂಕುಗಳಿಗೆ ದೂರದ್ದೇನೂ ಅಲ್ಲ. ಮಧುಗಿರಿ ಪಾವಗಡಗಳ ಬಡ ರೈತರ ಮಕ್ಕಳು ತಲೆಮಾರುಗಳಿಂದ ಸೇರುತ್ತ ಬಂದಿರುವ ಸಿದ್ಧಗಂಗೆಯಲ್ಲಿ, ಅಟವೀ ಸ್ವಾಮಿಗಳು ಹೊತ್ತಿಸಿದರೆಂದು ಪರಂಪರೆ ಹೇಳುವ ಒಲೆ ಇಂದಿಗೂ ಉರಿಯುತ್ತಿದೆ. ಡಾ. ಶ್ರೀ ಶಿವಕುಮಾರ ಸ್ವಾಮಿಗಳ ಮಿತಾಹಾರ ನಾಡಿಗೇ ತಿಳಿದದ್ದು. ಅವರು ತಮ್ಮ ತಟ್ಟೆಯನ್ನು ಕಿರಿದು ಮಾಡಿಕೊಂಡರು, ಸಾವಿರಾರು ಮಕ್ಕಳ ತಟ್ಟೆಯನ್ನು ತುಂಬಿಸಿದರು. 2019ರ ಜನವರಿ 21ರಂದು ಬೆಳಗಿನ ಹೊತ್ತಿನಲ್ಲಿ, 111ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದಾಗ ಸುದ್ದಿಯನ್ನು ಕೂಡಲೇ ಪ್ರಕಟಿಸಲಿಲ್ಲ. ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಹೇಳಬಾರದೆಂಬುದು ಶ್ರೀಗಳದೇ ಇಚ್ಛೆಯಾಗಿತ್ತೆಂದು ಅಂದು ವರದಿಯಾಯಿತು. ಪಂಕ್ತಿಯಲ್ಲಿ ಕುಳಿತ ಮಕ್ಕಳು ಎಂದಿನಂತೆ ಉಂಡು ಎದ್ದ ಮೇಲೆಯೇ ಅವರಿಗೆ ವಿಷಯ ತಿಳಿಯಿತು.