ಸ್ಟಾಕ್ಟನ್ ಮರಣಪ್ರಮಾಣ ಅಧ್ಯಯನ

ಇಂಗ್ಲೆಂಡಿನ ಡರಂ ಕೌಂಟಿಯಲ್ಲಿ, ಟೀಸ್ ನದಿಯ ದಡದ ಸ್ಟಾಕ್ಟನ್ ಪಟ್ಟಣದಲ್ಲಿ ಎರಡು ಮಹಾಯುದ್ಧಗಳ ನಡುವಿನ ಅವಧಿಯಲ್ಲಿ ನಡೆದ ಸಾರ್ವಜನಿಕ ಆರೋಗ್ಯ ಅಧ್ಯಯನ. ಕೊಳೆಗೇರಿಯಿಂದ ಹೊಸ ಬಡಾವಣೆಗೆ ಹೋದ ಕುಟುಂಬಗಳ ಸಾವಿನ ಲೆಕ್ಕವನ್ನು ಪಟ್ಟಣದ ಆರೋಗ್ಯಾಧಿಕಾರಿ ಜಿ.ಸಿ.ಎಂ. ಮ್ಯಾಕ್‌ಗಾನಿಗಲ್ ವರ್ಷಗಟ್ಟಲೆ ಹಿಡಿದರು. ಮನೆ ಚೆನ್ನಾದರೆ ಸಾವು ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಇಲ್ಲಿ ಸಾವು ಏರಿತು.

ಲೆಕ್ಕದ ವ್ಯವಸ್ಥೆ: ಇಂಗ್ಲೆಂಡಿನಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿ 1837ರಲ್ಲಿ ಆರಂಭವಾಯಿತು. ಸಾಂಕ್ರಾಮಿಕ ರೋಗಿಯನ್ನು ಕಂಡ ವೈದ್ಯ ಆರೋಗ್ಯಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1889ರದು. ಹತ್ತು ವರ್ಷಗಳ ಬಳಿಕ ಅದು ದೇಶಕ್ಕೆಲ್ಲ ಕಡ್ಡಾಯವಾಯಿತು. ಗಂಟಲಮಾರಿ, ಟೈಫಾಯ್ಡ್, ಸ್ಕಾರ್ಲೆಟ್ ಜ್ವರಗಳು ಮೊದಲಿಂದಲೂ ಪಟ್ಟಿಯಲ್ಲಿದ್ದವು. ಕ್ಷಯ, ನ್ಯೂಮೋನಿಯಾ ಆಮೇಲೆ ಸೇರಿದವು. ದಡಾರವನ್ನು 1916ರಲ್ಲಿ ಸೇರಿಸಿ 1919ರಲ್ಲಿ ಕೈಬಿಟ್ಟರು. ಹಾಗಾಗಿ ಎಷ್ಟು ಮಕ್ಕಳಿಗೆ ದಡಾರ ಬಂತೆಂಬುದು ಅನೇಕ ಊರುಗಳ ಕಡತಗಳಲ್ಲಿ ಸಿಗುವುದಿಲ್ಲ, ಎಷ್ಟು ಮಕ್ಕಳು ಸತ್ತರೆಂಬುದು ಮಾತ್ರ ಸಿಗುತ್ತದೆ. ಈ ಅಂಕಿಗಳನ್ನೆಲ್ಲ ಕೂಡಿಸಿ ಆರೋಗ್ಯಾಧಿಕಾರಿ ಪ್ರತಿವರ್ಷ ಪುರಸಭೆಗೆ ವರದಿ ಒಪ್ಪಿಸುತ್ತಿದ್ದರು.

ವೃದ್ಧರೂ ಹಸುಗೂಸುಗಳೂ ಹೆಚ್ಚಿರುವ ಕೇರಿಯಲ್ಲಿ ಸಾವು ಸಹಜವಾಗಿಯೇ ಹೆಚ್ಚು. ಎರಡು ಕೇರಿಗಳನ್ನು ಹೋಲಿಸಬೇಕಾದರೆ ವಯಸ್ಸಿನ ಈ ವ್ಯತ್ಯಾಸವನ್ನು ಲೆಕ್ಕದಿಂದ ಕಳೆಯಬೇಕು. ಹಾಗೆ ಕಳೆದು ಬರುವುದೇ ಪ್ರಮಾಣೀಕೃತ ಮರಣದರ.

ಇಡೀ ದೇಶದ ಅಂಕಿಗಳು ಆಗ ನೆಮ್ಮದಿ ಕೊಡುವಂತಿದ್ದವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವರು 1921ರಲ್ಲಿ 83, 1931ರಲ್ಲಿ 66. ಸರಾಸರಿಯನ್ನು ಬಿಡಿಸಿ ಬೀದಿ ಬೀದಿಯ ಲೆಕ್ಕ ನೋಡಿದವರು ಕಡಿಮೆ.

ಹೋಲಿಕೆ: 1927ರಲ್ಲಿ ಸ್ಟಾಕ್ಟನ್ ಪುರಸಭೆ ಹೌಸ್‌ವೈಫ್ ಲೇನ್ ಎಂಬ ಕೊಳೆಗೇರಿಯನ್ನು ತೆರವು ಮಾಡಿ 152 ಕುಟುಂಬಗಳ 710 ಜನರನ್ನು ಮೌಂಟ್ ಪ್ಲೆಸೆಂಟ್ ಬಡಾವಣೆಗೆ ಸಾಗಿಸಿತು. ರಿವರ್‌ಸೈಡ್ ಎಂಬ ಇನ್ನೊಂದು ಕೊಳೆಗೇರಿ ಇದ್ದಲ್ಲೇ ಉಳಿಯಿತು. ಯಾರೂ ಯೋಜಿಸದೆ ಒದಗಿಬಂದ ಪ್ರಯೋಗವಿದು. ಸ್ಥಳಾಂತರಕ್ಕೆ ಮುಂಚಿನ ಐದು ವರ್ಷಗಳಲ್ಲಿ ಹೌಸ್‌ವೈಫ್ ಲೇನಿನವರ ಪ್ರಮಾಣೀಕೃತ ಮರಣದರ ಸಾವಿರಕ್ಕೆ 22.91 ಇತ್ತು, ಹೊಸ ಮನೆಗಳಲ್ಲಿ ಅದು 33.55ಕ್ಕೆ ಏರಿತು. ಕೊಳೆಗೇರಿಯಲ್ಲೇ ಉಳಿದ ರಿವರ್‌ಸೈಡಿನಲ್ಲಿ 26.10ರಿಂದ 22.78ಕ್ಕೆ ಇಳಿಯಿತು.

ಗಾಳಿ, ಬೆಳಕು, ಚರಂಡಿ ಎಲ್ಲವೂ ಹೊಸ ಮನೆಗಳಲ್ಲಿ ಮೇಲಾಗಿದ್ದವು. ತಪ್ಪು ಮನೆಯದಲ್ಲ, ಬಾಡಿಗೆಯದು ಎಂದು ಮ್ಯಾಕ್‌ಗಾನಿಗಲ್ ಕಂಡುಕೊಂಡರು. ವಾರಕ್ಕೆ ಐದು ಷಿಲಿಂಗಿಗೂ ಕಡಿಮೆಯಿದ್ದ ಬಾಡಿಗೆ ಒಂಬತ್ತಕ್ಕೆ ಮುಟ್ಟಿತ್ತು. ಹಡಗು ಕಟ್ಟುವ ಮತ್ತು ಕಬ್ಬಿಣದ ಕೆಲಸಗಳು ಸೊರಗಿ ಗಂಡಸರು ನಿರುದ್ಯೋಗ ಭತ್ಯೆಯಲ್ಲಿ ಬದುಕುತ್ತಿದ್ದ ಕಾಲ. ಬಾಡಿಗೆ ತಪ್ಪಿಸುವಂತಿರಲಿಲ್ಲ, ಕಡಿಮೆ ಮಾಡಬಹುದಾದದ್ದು ಊಟ. ಹಾಲು, ಮಾಂಸ, ಮೊಟ್ಟೆಗಳು ತಟ್ಟೆಯಿಂದ ಮೊದಲು ಹೋದವು. ಪಟ್ಟಣದ ಕುಟುಂಬಗಳನ್ನು ವರಮಾನದ ಪ್ರಕಾರ ವಿಂಗಡಿಸಿ ನೋಡಿದಾಗಲೂ ತೀರ ಬಡವರ ಮರಣದರ ಅನುಕೂಲಸ್ಥರದರ ಎರಡು ಪಟ್ಟಿಗೂ ಹೆಚ್ಚಿತ್ತು.

ಸ್ವೀಕಾರ ಮತ್ತು ಆಕ್ಷೇಪ: ಫಲಿತಾಂಶವನ್ನು 1933ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಮಂಡಿಸಲಾಯಿತು. ನಿರುದ್ಯೋಗದಿಂದ ಜನರ ಆರೋಗ್ಯ ಕೆಟ್ಟಿಲ್ಲವೆಂದು ಹೇಳುತ್ತಿದ್ದ ಆರೋಗ್ಯ ಸಚಿವಾಲಯಕ್ಕೆ ಇದು ಹಿತವೆನಿಸಲಿಲ್ಲ. ಸಂಖ್ಯೆ ಚಿಕ್ಕದೆಂಬ ಆಕ್ಷೇಪದಲ್ಲಿ ಹುರುಳಿದೆ: 710 ಜನರಲ್ಲಿ ವರ್ಷಕ್ಕೆ ಏಳು ಸಾವು ಹೆಚ್ಚಾದರೆ ದರ ಸುಮಾರು ಹತ್ತರಷ್ಟು ಜಿಗಿಯುತ್ತದೆ. ಆದರೂ ಅದೇ ಊರಿನಲ್ಲಿ, ಅದೇ ಆರ್ಥಿಕ ಮುಗ್ಗಟ್ಟಿನಲ್ಲಿ ರಿವರ್‌ಸೈಡಿನ ಸಾವು ಇಳಿದದ್ದೇಕೆ ಎಂಬುದಕ್ಕೆ ಈ ಆಕ್ಷೇಪವೊಂದೇ ಸಾಲದು. ಜೆ. ಕರ್ಬಿ ಅವರೊಡನೆ ಮ್ಯಾಕ್‌ಗಾನಿಗಲ್ ಬರೆದ ‘ಪಾವರ್ಟಿ ಅಂಡ್ ಪಬ್ಲಿಕ್ ಹೆಲ್ತ್’ 1936ರಲ್ಲಿ ಹೊರಬಂತು. ಮ್ಯಾಕ್‌ಗಾನಿಗಲ್ 1939ರಲ್ಲಿ ನಿಧನರಾದರು.